ಥಾಯ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡು ನಿವೃತ್ತರಾಗುವುದು: ಹಣ ಕಳಿಸುವ ಮೊದಲು

ಥಾಯ್ಲೆಂಡಿನಲ್ಲಿ ಸಾಮಾನ್ಯ ಬೆಲೆಯ ಫ್ಲ್ಯಾಟ್ ಕೊಂಡ ಮಾತ್ರಕ್ಕೆ ಅಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. ಮನೆಯ ದಾರಿಯೇ ಬೇರೆ, ವೀಸಾದ ದಾರಿಯೇ ಬೇರೆ. ಮೊದಲು ವೀಸಾ ಮಾಡಿಸಿ, ಒಂದು ವರ್ಷ ಬಾಡಿಗೆಗೆ ಇದ್ದು, ಆಮೇಲೆ ಕೊಳ್ಳುವುದು ಸರಿಯಾದ ಕ್ರಮ.

ಒಂದು ವರ್ಷ ಏಕೆಂದರೆ ಊರು ಎಲ್ಲ ಕಾಲದಲ್ಲೂ ಒಂದೇ ಥರ ಇರುವುದಿಲ್ಲ. ಫುಕೆಟ್, ಕ್ರಾಬಿ ಕಡೆ ನಮ್ಮ ಕರಾವಳಿಯ ಹಾಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಕೊಲ್ಲಿಯ ಬದಿಯ ಸಮುಯಿಯಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್. ತಂಪು ಊರೆಂದು ಹೆಸರಾದ ಚಿಯಾಂಗ್ ಮಾಯ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು, ಹೊಲ ಸುಡುವ ಹೊಗೆ ಕವಿಯುತ್ತದೆ. ಉಬ್ಬಸ ಇರುವವರು ಡಿಸೆಂಬರಿನಲ್ಲಿ ಹೋಗಿ ಆ ಊರನ್ನು ಮೆಚ್ಚಿಕೊಂಡು ಬರಬಾರದು. ಬಾಡಿಗೆಗೆ ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ. ಕರೆಂಟ್ ಬಿಲ್ಲು ಸರ್ಕಾರಿ ದರದಲ್ಲೋ ಮಾಲೀಕರು ಹಾಕುವ ದರದಲ್ಲೋ ಎಂದು ಕರಾರಿನಲ್ಲೇ ಬರೆಸಿ. ಏಸಿ ಓಡಿಸುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ವೀಸಾ

50 ತುಂಬಿದವರಿಗೆ ನಾನ್-ಇಮಿಗ್ರಂಟ್ ಓ-ಎ ಎಂಬ ನಿವೃತ್ತಿ ವೀಸಾ ಇದೆ. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಲೆಕ್ಕಕ್ಕೆ ಒಂದು ಬಾತಿಗೆ 3 ರೂಪಾಯಿ ಹಿಡಿದರೆ ತಿಂಗಳಿಗೆ 1.95 ಲಕ್ಷ ರೂಪಾಯಿ ಪಿಂಚಣಿ ಆಯಿತು. ಅಷ್ಟು ಬರುವವರು ಕಡಿಮೆ, ಆದ್ದರಿಂದ ಬಹುತೇಕರಿಗೆ ಉಳಿಯುವುದು 24 ಲಕ್ಷ ರೂಪಾಯಿಯ ಠೇವಣಿ ದಾರಿ. ಜೊತೆಗೆ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪ್ರಮಾಣಪತ್ರ ಮತ್ತು 30 ಲಕ್ಷ ಬಾತ್ ರಕ್ಷಣೆಯ ಆರೋಗ್ಯ ವಿಮೆ ಬೇಕು. ಇಲ್ಲಿನ ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. 70 ದಾಟಿದ ಮೇಲೆ ಹೊಸ ವಿಮೆ ಸಿಗುವುದೇ ಕಷ್ಟ, ಹಾಗಾಗಿ ವಿಮೆಯ ದರ ಕೇಳಿಕೊಂಡೇ ಉಳಿದ ಯೋಜನೆಗೆ ಕೈ ಹಾಕಿ.

ಒಂದು ವರ್ಷದ ನಂತರ ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿ ವಿಸ್ತರಣೆ ಪಡೆಯಬೇಕು. ಈ ಸಲ 8 ಲಕ್ಷ ಥಾಯ್ ಬ್ಯಾಂಕಿನಲ್ಲೇ, ಅರ್ಜಿಗೆ ಎರಡು ತಿಂಗಳ ಮೊದಲಿಂದ ಇರಬೇಕು. ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಆಸ್ಪತ್ರೆ ಖರ್ಚಿಗೆಂದು ಇದೇ ಖಾತೆಗೆ ಕೈ ಹಾಕಿದವರ ವಿಸ್ತರಣೆ ಮುಂದಿನ ವರ್ಷ ನಿಂತುಹೋಗುತ್ತದೆ. ಈ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಅದರ ಎಟಿಎಂ ಕಾರ್ಡನ್ನೇ ತೆಗೆದುಕೊಳ್ಳದಿದ್ದರೆ ಕ್ಷೇಮ.

90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು, ತಡವಾದರೆ 2,000 ಬಾತ್ ದಂಡ. ವಿಸ್ತರಣೆಯ ಮೇಲಿರುವವರು ಮಗಳ ಮದುವೆಗೋ ಮನೆದೇವರ ಜಾತ್ರೆಗೋ ಊರಿಗೆ ಹೊರಡುವ ಮೊದಲು ಮರುಪ್ರವೇಶ ಪರವಾನಗಿ ಪಡೆಯಬೇಕು: ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ರದ್ದು.

ಏನನ್ನು ಕೊಳ್ಳಬಹುದು

ವಿದೇಶಿಯರು ಜಮೀನಿನ ಒಡೆಯರಾಗುವಂತಿಲ್ಲ. ಹಾಗಾಗಿ ತೋಟದ ಮನೆಯ ಆಸೆ ಬಿಡಬೇಕು. ಥಾಯ್ ಪ್ರಜೆಗಳ ಹೆಸರಲ್ಲಿ ಕಂಪನಿ ಕಟ್ಟಿ ಜಮೀನು ಹಿಡಿಯುವುದು ಬೇನಾಮಿ ವ್ಯವಹಾರ, ಅಪರಾಧ. ಎಲ್ಲರೂ ಮಾಡುತ್ತಾರೆ ಎಂದು ದಲ್ಲಾಳಿ ಎಷ್ಟೇ ಹೇಳಲಿ. 30 ವರ್ಷದ ಲೀಸ್ ನೋಂದಾಯಿಸಬಹುದು. ಆದರೆ ಇನ್ನೆರಡು ಸಲ ನವೀಕರಣ ಖಚಿತ ಎಂದು 30+30+30 ಹೆಸರಲ್ಲಿ ಮಾರುವವರ ಮೊದಲ 30ನ್ನು ಮಾತ್ರ ನಂಬಿ.

ಸ್ವಂತ ಹೆಸರಿಗೆ ಬರುವುದು ಕಾಂಡೊ, ಅಂದರೆ ಅಪಾರ್ಟ್‌ಮೆಂಟಿನ ಫ್ಲ್ಯಾಟ್. ಒಂದು ಕಟ್ಟಡದ ಒಟ್ಟು ಫ್ಲ್ಯಾಟ್ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49% ದಾಟುವಂತಿಲ್ಲ. ಅದೇ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತಿದ್ದರೆ ಅದು ಥಾಯ್ ಕೋಟಾದ್ದಿರಬಹುದು. ಮುಂಗಡ ಕೊಡುವ ಮೊದಲೇ, ವಿದೇಶಿ ಕೋಟಾದಲ್ಲಿ ಜಾಗ ಇದೆ ಎಂದು ಕಟ್ಟಡದ ಆಡಳಿತ ಕಚೇರಿಯಿಂದ ಬರಹದಲ್ಲಿ ತರಿಸಿ. ಇಲ್ಲಿ ಇಸಿ ತೆಗೆಸುವ ಹಾಗೆ ಅಲ್ಲಿ ಭೂ ಕಚೇರಿಯಲ್ಲಿ ಹಕ್ಕುಪತ್ರದ ಬೆನ್ನು ನೋಡಿಸಿ, ಅಡಮಾನ ಅಲ್ಲೇ ನಮೂದಾಗಿರುತ್ತದೆ. ಈ ಕೆಲಸಕ್ಕೆ ಮಾರುವವರ ವಕೀಲರು ಬೇಡ, ನಿಮ್ಮವರೇ ಇರಲಿ.

ಫ್ಲ್ಯಾಟ್ ನೋಡಲು ಮಳೆ ಬಿದ್ದ ಮರುದಿನ ಹೋಗಿ. ಹೊರಗೋಡೆಗೆ ಒರಗಿದ ವಾರ್ಡ್‌ರೋಬಿನ ಹಿಂದೆ ಕೈಯಾಡಿಸಿದರೆ ಬೂಷ್ಟು ಇದ್ದರೆ ತಿಳಿಯುತ್ತದೆ. ಏಸಿಯ ಫಿಲ್ಟರ್ ತೆಗೆಸಿ ಮೂಸಿ ನೋಡಿ. ಪಾರ್ಕಿಂಗಿನ ಕಂಬಗಳ ಮೇಲೆ ನೀರಿನ ಗೆರೆ ಎಷ್ಟು ಎತ್ತರದಲ್ಲಿದೆ ನೋಡಿ. ಕಡಲಿಗೆ ಮುಖ ಮಾಡಿದ ಬಾಲ್ಕನಿಯಾದರೆ ಏಸಿಯ ಹೊರಗಿನ ಯಂತ್ರವನ್ನು ಉಪ್ಪುಗಾಳಿ ಬೇಗ ತಿನ್ನುತ್ತದೆ. ಮಾಲೀಕರ ಸಂಘದ ಕಳೆದ ಸಭೆಯ ನಡಾವಳಿ ಕೇಳಿ. ಲಿಫ್ಟು, ಸೋರಿಕೆ, ಬಾಕಿ ಉಳಿಸಿಕೊಂಡವರ ಜಗಳ ಎಲ್ಲ ಅದರಲ್ಲಿರುತ್ತದೆ. ನಿವೃತ್ತರಿಗೆ ಇನ್ನೂ ಕಟ್ಟದ ಕಟ್ಟಡದ ಬುಕಿಂಗ್ ಬೇಡವೇ ಬೇಡ. ಕೊಂಡ ಫ್ಲ್ಯಾಟನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುವ ಯೋಚನೆಯೂ ಬೇಡ, 30 ದಿನಕ್ಕಿಂತ ಕಡಿಮೆಯ ಬಾಡಿಗೆ ಹೋಟೆಲ್ ಕಾಯ್ದೆಯ ಕೆಳಗೆ ಬರುತ್ತದೆ.

ಹಣ ಕಳಿಸುವುದು

ವ್ಯವಹಾರ ಕೆಡುವುದು ಹೆಚ್ಚಾಗಿ ಇಲ್ಲೇ. ಫ್ಲ್ಯಾಟಿನ ಹಣ ವಿದೇಶಿ ಕರೆನ್ಸಿಯಲ್ಲಿ ಥಾಯ್ಲೆಂಡ್ ತಲುಪಿ, ಅಲ್ಲಿ ಬಾತ್ ಆಗಬೇಕು. ಬೆಂಗಳೂರಿನ ಬ್ಯಾಂಕೇ ರೂಪಾಯಿಯನ್ನು ಬಾತಿಗೆ ಬದಲಿಸಿ ಕಳಿಸಿದರೆ ನೋಂದಣಿಗೆ ಬೇಕಾದ ದಾಖಲೆ ಹುಟ್ಟುವುದಿಲ್ಲ. ಡಾಲರಿನಲ್ಲೇ ಕಳಿಸಿ. ಹಣ ಕಳಿಸಲು ಇಲ್ಲಿನ ಬ್ಯಾಂಕಿಗೆ ಕೊಡುವ ಎ2 ಫಾರ್ಮಿನಲ್ಲಿ ಉದ್ದೇಶದ ಕೋಡ್ ಎಸ್0005, ಅಂದರೆ ವಿದೇಶದಲ್ಲಿ ಸ್ಥಿರಾಸ್ತಿ. ವಿವರದ ಸಾಲಿನಲ್ಲಿ ಕಟ್ಟಡದ ಹೆಸರು, ಫ್ಲ್ಯಾಟ್ ಸಂಖ್ಯೆ, ಕೊಳ್ಳುವವರ ಹೆಸರು ಬರೆಸಿ. 50,000 ಡಾಲರ್ ಅಥವಾ ಮೇಲ್ಪಟ್ಟ ಒಂದೊಂದು ರವಾನೆಗೂ ಥಾಯ್ ಬ್ಯಾಂಕ್ ವಿದೇಶಿ ವಿನಿಮಯ ಪತ್ರ ಕೊಡುತ್ತದೆ; ಕಡಿಮೆಯಾದರೆ ಬ್ಯಾಂಕಿನ ದೃಢೀಕರಣ ಪತ್ರ ಕೇಳಿ ಪಡೆಯಬೇಕು. ಮುಂದೆ ಫ್ಲ್ಯಾಟ್ ಮಾರಿ ಹಣ ಹೊರತೆಗೆಯುವಾಗಲೂ ಇವೇ ಪತ್ರಗಳು ಬೇಕು.

ನಮ್ಮವರಿಗೆ ಎದುರಾಗುವ ತೊಡಕು ಇನಿಷಿಯಲ್‌ಗಳದ್ದು. ಬ್ಯಾಂಕ್ ಖಾತೆಯಲ್ಲಿ ಎಚ್. ಎಸ್. ಎಂದಿದ್ದು, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಪೂರ್ತಿ ಬಿಡಿಸಿದ್ದರೆ, ಭೂ ಕಚೇರಿಯ ಗುಮಾಸ್ತರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಹಣ ಕಳಿಸುವ ಮೊದಲೇ ಖಾತೆಯ ಹೆಸರನ್ನು ಪಾಸ್‌ಪೋರ್ಟಿನ ಪ್ರಕಾರ ಮಾಡಿಸಿ.

ಭಾರತದಿಂದ ಹೊರಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಎಲ್‌ಆರ್‌ಎಸ್ ಮಿತಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಇದಕ್ಕೆಂದು ಇಲ್ಲಿನ ಬ್ಯಾಂಕ್ ಸಾಲ ಕೊಡುವಂತಿಲ್ಲ. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಫ್ಲ್ಯಾಟಿಗೆ 30 ಲಕ್ಷ ಬಾತ್, ಅಂದರೆ 90 ಲಕ್ಷ ರೂಪಾಯಿ ಎಂದುಕೊಳ್ಳಿ. ಒಬ್ಬರೇ ಒಂದೇ ವರ್ಷ ಕಳಿಸಿದರೆ 16 ಲಕ್ಷ ಟಿಸಿಎಸ್. ಗಂಡ ಹೆಂಡತಿ ಜಂಟಿಯಾಗಿ ಕೊಂಡು ಅರ್ಧರ್ಧ ಕಳಿಸಿದರೆ 14. ಅದನ್ನೇ ಎರಡು ಆರ್ಥಿಕ ವರ್ಷಕ್ಕೆ ಬೀಳುವ ಹಾಗೆ ಮಾರ್ಚ್ ಮತ್ತು ಏಪ್ರಿಲ್‌ಗೆ ಹಂಚಿದರೆ 10. ಹಾಗೆ ಹಂಚಿದಾಗ ಒಂದೊಂದು ರವಾನೆಯೂ 50,000 ಡಾಲರಿಗಿಂತ ಕೆಳಗಾಗುತ್ತದೆ, ನಾಲ್ಕಕ್ಕೂ ದೃಢೀಕರಣ ಪತ್ರ ತರಬೇಕಾಗುತ್ತದೆ. ಟಿಸಿಎಸ್ ಕಳೆದುಹೋಗುವ ಹಣವಲ್ಲ, ರಿಟರ್ನ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಅಲ್ಲಿಯವರೆಗೆ ಕೈಗೆ ಸಿಗುವುದಿಲ್ಲ, ಅಷ್ಟೇ.

ನೋಂದಣಿ ಒಂದೇ ದಿನದ ಕೆಲಸ. ವರ್ಗಾವಣೆ ಶುಲ್ಕ ಸರ್ಕಾರಿ ಮೌಲ್ಯದ 2%, ಸಾಮಾನ್ಯವಾಗಿ ಇಬ್ಬರೂ ಹಂಚಿಕೊಳ್ಳುತ್ತಾರೆ. ಮಾರುವವರು ಕೊಂಡು ಐದು ವರ್ಷ ಆಗಿಲ್ಲದಿದ್ದರೆ 3.3% ವ್ಯಾಪಾರ ತೆರಿಗೆ, ಆಗಿದ್ದರೆ 0.5% ಸ್ಟ್ಯಾಂಪ್. ಇವನ್ನು ಯಾರು ಕಟ್ಟುವುದೆಂದು ಕರಾರಿನಲ್ಲಿ ಇಲ್ಲದಿದ್ದರೆ ಜಗಳ ಕೌಂಟರಿನ ಮುಂದೆಯೇ ಆಗುತ್ತದೆ. ನಿರ್ವಹಣಾ ಶುಲ್ಕ ಬಾಕಿ ಇಲ್ಲ ಎಂಬ ಪತ್ರವನ್ನು ಮಾರುವವರು ತರಬೇಕು.

ಎರಡು ಕಡೆಯ ತೆರಿಗೆ

ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದರೆ ಥಾಯ್ ತೆರಿಗೆಗೆ ನೀವು ನಿವಾಸಿ. 2024ರ ಜನವರಿ 1ರ ನಂತರ ಗಳಿಸಿದ ಹೊರದೇಶದ ಆದಾಯವನ್ನು ಅಲ್ಲಿಗೆ ತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹಳೆಯ ಉಳಿತಾಯ ಬರುವುದಿಲ್ಲ, ಅದಕ್ಕೆ 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಭಾರತದಲ್ಲಿ ನಿವಾಸಿಯಾಗಿರುವಷ್ಟು ಕಾಲ ಈ ಫ್ಲ್ಯಾಟನ್ನು ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಎಫ್‌ಎ ಶೆಡ್ಯೂಲಿನಲ್ಲಿ ತೋರಿಸಲೇಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಅನಿವಾಸಿಯಾದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಮಾಡಿಸಿ. ಮೊದಲಿಂದ ಇದ್ದ ಹೊಲ, ತೋಟ ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಇಲ್ಲಿನ ಮನೆಯ ಇ-ಖಾತಾ ಹೊರಡುವ ಮೊದಲೇ ಮುಗಿಸಿ. ಆಧಾರ್ ಓಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಹಾಕಿಸಿ ಜೀವಂತ ಇಟ್ಟುಕೊಳ್ಳಿ. ನವೆಂಬರಿನ ಜೀವನ ಪ್ರಮಾಣಪತ್ರ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಥಾಯ್ ಆಸ್ತಿಗೆ ಮಾತ್ರ ಸಂಬಂಧಿಸಿದ ಒಂದು ಪ್ರತ್ಯೇಕ ವಿಲ್ಲನ್ನು ಅಲ್ಲಿನ ವಕೀಲರಿಂದ ಬರೆಸಿಡಿ. ಊರಲ್ಲಿರುವ ಮಕ್ಕಳಿಗೆ ಫ್ಲ್ಯಾಟ್ ಹೋಗಬಹುದು. ಆದರೆ ವಿದೇಶಿ ಒಡೆತನದ ಷರತ್ತಿಗೆ ಅವರು ಹೊಂದದಿದ್ದರೆ ಒಂದು ವರ್ಷದೊಳಗೆ ಮಾರಬೇಕಾಗುತ್ತದೆ. ಹಕ್ಕುಪತ್ರ ಮತ್ತು ಹಣದ ಪತ್ರಗಳು ಎಲ್ಲಿವೆ, ವಕೀಲರು ಯಾರು ಎನ್ನುವುದನ್ನು ಈಗಲೇ ಅವರಿಗೆ ಬರೆದು ಕೊಡಿ.