ಎಂಟನೇ ಇಯತ್ತೆಯ 58 ಹೆಸರು

2022ರ ಬೇಸಿಗೆಯಲ್ಲಿ ಧಾರವಾಡದ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನನ್ನೇ ದಿಟ್ಟಿಸಿ ನೋಡುತ್ತ ನಿಂತಿದ್ದರು. ಆಮೇಲೆ ಹತ್ತಿರ ಬಂದು ನನ್ನ ಹಳೆಯ ಹೆಸರು ಹಿಡಿದು ಕರೆದರು. ನನ್ನ ಹೈಸ್ಕೂಲಿನ ಸಹಪಾಠಿ. ಹುಬ್ಬಿನ ಮೇಲಿನ ಗಾಯದ ಗುರುತು ನೋಡಿ ಹೌದೋ ಅಲ್ಲವೋ ಅಂತ ಅಂದಾಜು ಮಾಡಿದ್ದರಂತೆ. "ನಿಮ್ಮನ್ನ ಎಷ್ಟು ಹುಡುಕೀವಿ ರೀ, ಎಲ್ಲಿ ಹೋಗಿದ್ರಿ?" ಅಂದರು.

ನಾನು ಎಲ್ಲೂ ಹೋಗಿರಲಿಲ್ಲ. 24 ವರ್ಷದಿಂದ ಧಾರವಾಡದ ಒಂದೇ ಓಣಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಆದರೆ ಮದುವೆಯಲ್ಲಿ ನನ್ನ ಹೆಸರು ಬದಲಾಗಿತ್ತು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಸೊಸೆ ಹೊಸ್ತಿಲು ದಾಟುವ ಹೊತ್ತಿಗೆ ಹೊಸ ಹೆಸರು ಇಡುತ್ತಿದ್ದರು. ಅಂಗಡಿಯ ಬೋರ್ಡು, ರೇಷನ್ ಕಾರ್ಡು, ಆಧಾರ್, ಎಲ್ಲದರಲ್ಲೂ ಆ ಹೆಸರೇ. ಹಳೆಯ ಹೆಸರು ಉಳಿದದ್ದು ಟ್ರಂಕಿನ ತಳದಲ್ಲಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಾತ್ರ. ಹಾಗಾದರೆ ಅವರಿಗೆ ನಾನು ಸಿಗುವುದಾದರೂ ಹೇಗೆ?

ಅವತ್ತೇ ನನ್ನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅದರಲ್ಲಿ 17 ಜನ, ಎಲ್ಲರೂ ಗಂಡಸರು. "ಇಡೀ ಕ್ಲಾಸು ಸಿಕ್ಕಂಗಾತು" ಅಂತ ಯಾರೋ ಬರೆದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ವರಲ್ಲಿ ಒಬ್ಬಳ ಸುದ್ದಿಯೂ ಅಲ್ಲಿರಲಿಲ್ಲ. ಗುಂಪಿನಲ್ಲಿ ಒಂದು ಫೋಟೊ ಹಾಕಿದ್ದರು, 1989ರದು. ಎಣಿಸಿದೆ, 36 ಮಂದಿ. ಆದರೆ ಫೋಟೊದ ರೊಕ್ಕ ಕೊಡಲಾಗದೆ ಅವತ್ತು ಶಾಲೆಗೇ ಬರದ ಐವರು ನನಗೆ ಚೆನ್ನಾಗಿ ನೆನಪಿದ್ದರು. ಫೋಟೊ ಇಟ್ಟುಕೊಂಡು ಕ್ಲಾಸು ಎಣಿಸಿದರೆ ಆ ಐವರು ಮತ್ತೊಮ್ಮೆ ಹೊರಗೆ ಉಳಿಯುತ್ತಾರೆ ಅಲ್ವಾ?

ಹಾಗಾಗಿ ಹುಡುಕುವ ಕೆಲಸ ನಾನೇ ಕೈಗೆತ್ತಿಕೊಂಡೆ. ಮೂರು ವರ್ಷ ಹಿಡಿಯಿತು.

ನಮ್ಮ ಊರಿನ ವಿಷಯ ಮೊದಲು ಹೇಳಬೇಕು. ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿ ಅದು. ನಾವು ಓದುವಾಗ ಬಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ ಜಿಲ್ಲೆ. ಆಲಮಟ್ಟಿಯಲ್ಲಿ 1964ರಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದರು. ನಮ್ಮ ಅಪ್ಪ, ಅಜ್ಜ ಎಲ್ಲ "ಊರು ಮುಳುಗ್ತೈತಿ" ಅನ್ನುವ ಮಾತು ಕೇಳುತ್ತಲೇ ಬಾಳಿದರು. ಕೊನೆಗೆ ನೀರು ಬಂತು. ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ನಮ್ಮ ಊರು, ಶಾಲೆ, ಶಾಲೆಯ ಮುಂದಿನ ಬೇವಿನ ಮರ, ಎಲ್ಲ ಅದರ ಕೆಳಗೆ. ಒಂದಷ್ಟು ಮನೆಯವರು ಪುನರ್ವಸತಿ ಕೇಂದ್ರಕ್ಕೆ ಹೋದರು. ಒಂದಷ್ಟು ಜನ ಪರಿಹಾರದ ದುಡ್ಡು ತಗೊಂಡು ಬಾಗಲಕೋಟೆಯ ನವನಗರ, ಜಮಖಂಡಿ, ಪುಣೆ, ಗೋವಾ ಅಂತ ಹೊರಟರು. ಬೇರೆ ಊರುಗಳಲ್ಲಿ ಹಳೆಯ ಗೆಳತಿಯನ್ನು ಹುಡುಕಬೇಕಾದರೆ ಅವಳ ತವರಿನ ಬಾಗಿಲು ಬಡಿದರಾಯಿತು. ನಮಗೆ ಆ ಬಾಗಿಲೇ ಇಲ್ಲ.

ಆದರೆ ಶಾಲೆಯ ಕಾಗದಪತ್ರ ಉಳಿದಿತ್ತು. ಶಾಲೆ ಹೊಸ ಜಾಗಕ್ಕೆ ಹೋಗುವಾಗ ರಿಜಿಸ್ಟರುಗಳನ್ನೂ ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋಗಿದ್ದರು. ನಾನು ಅರ್ಜಿ ಬರೆದುಕೊಂಡು ಹೋಗಿ ಈಗಿನ ಮುಖ್ಯೋಪಾಧ್ಯಾಯರನ್ನು ಕಂಡೆ. ದಾಖಲಾತಿ ರಿಜಿಸ್ಟರಿನಲ್ಲಿ ಜಾತಿ, ಜನ್ಮ ದಿನಾಂಕ ಎಲ್ಲ ಇರುತ್ತದೆ, ಫೋಟೊ ತೆಗೆಯಬೇಡಿ ಅಂದರು. ಅವರು ಹೇಳಿದ್ದು ಸರಿ. ಅವರ ಎದುರೇ ಕೂತು ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಇಷ್ಟನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಅಲ್ಲೇ ನನಗೆ ಒಂದು ವಿಷಯ ಗೊತ್ತಾಯಿತು. 1986ರ ಜೂನ್‌ನಲ್ಲಿ ಎಂಟನೇ ಇಯತ್ತೆಗೆ ಸೇರಿದವರು 58 ಜನ, 42 ಹುಡುಗರು, 16 ಹುಡುಗಿಯರು. ಹತ್ತನೆಯದರ ಹಾಜರಿ ಪುಸ್ತಕದಲ್ಲಿ 41 ಹೆಸರು, ಹುಡುಗಿಯರು ಒಂಬತ್ತೇ ಜನ. ನಡುವೆ 17 ಮಂದಿ ಬಿಟ್ಟುಹೋಗಿದ್ದರು. ಶಾಲೆ ಬಿಟ್ಟ ಕಾರಣ ಅಂತ ಒಂದು ಕಲಮು ಇರುತ್ತದೆ. ಹುಡುಗರ ಮುಂದೆ "ಸತತ ಗೈರುಹಾಜರಿ". ಹುಡುಗಿಯರ ಮುಂದೆ "ಪಾಲಕರ ಇಚ್ಛೆ". ಒಬ್ಬಳ ಮುಂದೆ ಮಾತ್ರ ಯಾರೋ ಮೇಷ್ಟ್ರು ನೇರವಾಗಿ "ಮದುವೆ" ಅಂತ ಬರೆದಿದ್ದರು. ಅವಳಿಗಾಗ 14 ವರ್ಷ.

ನಮ್ಮ ಕ್ಲಾಸು ಅಂದರೆ ಪರೀಕ್ಷೆಗೆ ಕೂತ 41 ಜನವೋ, ಸೇರಿದ 58 ಜನವೋ? ಗುಂಪಿನಲ್ಲಿ ಇದರ ಬಗ್ಗೆ ಎರಡು ದಿನ ಮಾತಾಯಿತು. ನಾನು ಪಟ್ಟು ಬಿಡಲಿಲ್ಲ. ಒಂದು ದಿನ ನಮ್ಮ ಜೊತೆ ಕ್ಲಾಸಿನಲ್ಲಿ ಕೂತವರೂ ನಮ್ಮವರೇ ಅಂದೆ. 58 ಅಂತಲೇ ಆಯಿತು. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಪುಟ. ಹುಡುಗರು 1ರಿಂದ 42, ಹುಡುಗಿಯರು 43ರಿಂದ 58.

ಹುಡುಗರು ಸಿಗುವುದು ಅಷ್ಟು ಕಷ್ಟವಾಗಲಿಲ್ಲ. ನಮ್ಮ ಕಡೆ ಅಡ್ಡಹೆಸರು ಇರುವುದು ದೊಡ್ಡ ಅನುಕೂಲ. ಬಡಿಗೇರ, ಹೂಗಾರ, ಕುಂಬಾರ ಅಂದರೆ ಯಾವ ಓಣಿ, ಯಾರ ಮನೆತನ ಅಂತ ಹಿರಿಯರು ಹೇಳಿಬಿಡುತ್ತಾರೆ. ಆದರೂ ಒಂದು ಕಡೆ ಎಚ್ಚರ ಬೇಕು. ರಿಜಿಸ್ಟರಿನ ಹೆಸರೇ ಇವತ್ತೂ ಇರುತ್ತದೆ ಅಂತಿಲ್ಲ. ಹಣಮಂತ ಅಂತ ಸೇರಿದವನು ಮಾರುತಿ ಆಗಿರುತ್ತಾನೆ. ಯಲ್ಲವ್ವ ಅಂತ ಇದ್ದವಳು ರೇಣುಕಾ ಆಗಿರುತ್ತಾಳೆ. ಇಂಥ ಜೋಡಿ ಹೆಸರುಗಳನ್ನೆಲ್ಲ ಮೊದಲೇ ಪಕ್ಕದಲ್ಲಿ ಬರೆದುಕೊಂಡರೆ ಆಮೇಲೆ ಜಾಸ್ತಿ ಒದ್ದಾಡುವುದು ತಪ್ಪುತ್ತದೆ.

ಹುಡುಗಿಯರಿಗೆ ಅಡ್ಡಹೆಸರೂ ಬದಲು, ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು, ನನ್ನಂಥವರಿಗೆ ಸ್ವಂತ ಹೆಸರೂ ಬದಲು. ಅವರನ್ನು ಹುಡುಕಲು ನಾನು ಅವರನ್ನೇ ಹುಡುಕಲಿಲ್ಲ, ಅಣ್ಣತಮ್ಮಂದಿರನ್ನು ಹುಡುಕಿದೆ. ರಾಜ್ಯ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಮತದಾರರ ಪಟ್ಟಿ ಭಾಗವಾರು ಸಿಗುತ್ತದೆ. ಒಂದು ಪುಟಕ್ಕೆ 30 ಹೆಸರು. ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ನಂಬರು, ವಯಸ್ಸು. ನಾನು ಇಳಿಸಿಕೊಂಡ ಫೈಲುಗಳಲ್ಲಿ ಕನ್ನಡ ಹೆಸರು ಟೈಪ್ ಮಾಡಿ ಹುಡುಕಲು ಬರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಮಗನ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಪುಟ ಕಣ್ಣಿನಿಂದಲೇ ಓದಿದೆ. ಹುಡುಗಿಯ ತಂದೆಯ ಹೆಸರು, ಅಡ್ಡಹೆಸರು ಎರಡೂ ಕೂಡಿಬರುವ, 45ರಿಂದ 60 ವಯಸ್ಸಿನ ಗಂಡಸರು ಯಾರಿದ್ದಾರೆ? ಸಿಕ್ಕಿದರೆ ಅವನು ಅವಳ ಅಣ್ಣನೋ ತಮ್ಮನೋ ಆಗಿರುವ ಸಂಭವ ಹೆಚ್ಚು. ಪುನರ್ವಸತಿ ಕೇಂದ್ರ, ಸುತ್ತಲಿನ ಹಳ್ಳಿ, ನವನಗರದ ಕೆಲವು ಭಾಗ, ಇಷ್ಟು ಓದುವಷ್ಟರಲ್ಲಿ ಆರು ಜನ ಅಣ್ಣತಮ್ಮಂದಿರು ಸಿಕ್ಕಿದರು. ಅವರಿಂದ ನಾಲ್ವರು ಅಕ್ಕತಂಗಿಯರು.

ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮುದುಕಿಯರ ನೆನಪು. ಪುನರ್ವಸತಿ ಕೇಂದ್ರದಲ್ಲಿ ಮನೆಗಳಿಗೆ ಪ್ಲಾಟ್ ನಂಬರು ಇದೆ, ಆದರೆ ಹಳೆಯ ನೆರೆಹೊರೆ ಇಲ್ಲ. ಹಿಂದೆ ಗೋಡೆಗೆ ಗೋಡೆ ಹತ್ತಿದ್ದ ಮನೆಯವರು ಈಗ ಬೇರೆ ಬೇರೆ ಕಡೆ. ಸುಮ್ನೆ "ಇಂಥವರ ಮಗಳು ಎಲ್ಲಿ" ಅಂದರೆ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. ಅದಕ್ಕೆ ಒಂದು ದೊಡ್ಡ ಕಾಗದ ಹಾಸಿ, ಎಂಬತ್ತು ದಾಟಿದ ಇಬ್ಬರು ಅಜ್ಜಿಯರನ್ನು ಕೂರಿಸಿಕೊಂಡು, ಮುಳುಗಿದ ಊರನ್ನೇ ಬರೆದೆವು. ಹಣಮಪ್ಪನ ಗುಡಿಯಿಂದ ಶುರು. ಗುಡಿಯ ಎಡಕ್ಕೆ ಯಾರ ಮನೆ, ಅದರಾಚೆ ಯಾರ ದನದ ಕೊಟ್ಟಿಗೆ, ಬಾವಿ ಎಲ್ಲಿ. ಕಾಲ್ನಡಿಗೆಯಲ್ಲಿ ಹೋದ ಹಾಗೆ ಹೇಳುತ್ತ ಹೋದರು. ಒಂದೊಂದು ಮನೆ ಮುಟ್ಟಿದಾಗಲೂ ಆ ಮನೆಯ ಹೆಣ್ಣುಮಕ್ಕಳ ಹೆಸರು, ಕೊಟ್ಟ ಊರು, ಎಲ್ಲ ತಾನಾಗಿ ಬಂತು. "ಆಕೀನ ಗುಳೇದಗುಡ್ಡಕ್ಕ ಕೊಟ್ಟಾರವ್ವಾ, ನೇಕಾರ ಮನಿ" ಅಂದರು ಒಬ್ಬ ಅಜ್ಜಿ. ನಾನು ವರ್ಷಗಟ್ಟಲೆ ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದಿದ್ದೇನೆ. ಅದನ್ನು ನೇಯುವ ಊರಿನಲ್ಲಿ ನನ್ನ ಬೆಂಚಿನ ಗೆಳತಿ ಇದ್ದಾಳೆ ಅಂತ ಗೊತ್ತೇ ಇರಲಿಲ್ಲ.

ಹಿಟ್ಟಿನ ಗಿರಣಿಯವರನ್ನೂ ಮರೆಯಬಾರದು. ಪಂಚಮಿ ಹತ್ತಿರ ಬಂದಾಗ ಯಾರ ಮನೆಗೆ ಮಗಳು ಬಂದಿದ್ದಾಳೆ ಅಂತ ಬೀಸಲು ಬಂದ ಜೋಳ ನೋಡಿಯೇ ಅವರು ಹೇಳುತ್ತಾರೆ. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಜೋಕಾಲಿ. ಎಷ್ಟೇ ವಯಸ್ಸಾಗಲಿ, ಕರೆಯುವವರು ಇದ್ದರೆ ತವರಿಗೆ ಬಂದೇ ಬರುತ್ತಾರೆ. 2023ರ ಪಂಚಮಿಗೆ ನಾನು ಅಂಗಡಿಗೆ ಬೀಗ ಹಾಕಿ ಮೂರು ದಿನ ಪುನರ್ವಸತಿ ಕೇಂದ್ರದಲ್ಲಿ ಉಳಿದೆ. ಜೋಕಾಲಿ ಕಟ್ಟಿದ ಮರದ ಕೆಳಗೇ ಮೂವರು ಸಿಕ್ಕಿದರು. ಒಬ್ಬಳು ನನ್ನ ಕೈ ಹಿಡಿದುಕೊಂಡವಳು ಒಂದು ಗಂಟೆ ಬಿಡಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಕರೆಯುವವರು ಇಲ್ಲದವರ ಸುದ್ದಿಯೂ ಅಲ್ಲೇ ಸಿಕ್ಕಿತು. ಅಂಥವರನ್ನು ನೆನೆಯುವುದು ಮತ್ತೆ ಹಬ್ಬಕ್ಕೆ ಬಂದ ಹೆಣ್ಣುಮಕ್ಕಳೇ.

ಒಂದು ನಿಯಮ ಮೊದಲಿನಿಂದ ಇಟ್ಟುಕೊಂಡಿದ್ದೆ. ಯಾರ ನಂಬರನ್ನೂ ಗುಂಪಿಗೆ ಹಾಕುವುದಿಲ್ಲ. ಅಣ್ಣ ಸಿಕ್ಕಿದರೆ ನನ್ನ ನಂಬರು ಕೊಟ್ಟು, "ಅಕ್ಕನಿಗೆ ಮನಸ್ಸಿದ್ದರೆ ಫೋನ್ ಮಾಡಲಿ" ಅಂತ ಹೇಳಿ ಬರುತ್ತಿದ್ದೆ. ಇಬ್ಬರು ಫೋನ್ ಮಾಡಿ, ಗುಂಪು ಬೇಡ, ಆದರೆ ನೀನು ಮಾತಾಡುತ್ತಿರು ಅಂದರು. ಅವರ ಪುಟದಲ್ಲಿ "ಕ್ಷೇಮ" ಅಂತ ಬರೆದು ನಿಲ್ಲಿಸಿದೆ. ಅವರು ಯಾವ ಊರಿನಲ್ಲಿದ್ದಾರೆ ಅನ್ನುವುದು ಗುಂಪಿನವರಿಗೆ ಇವತ್ತಿಗೂ ಗೊತ್ತಿಲ್ಲ.

ತೀರಿಕೊಂಡವರ ವಿಷಯದಲ್ಲಿ ನಮ್ಮಿಂದ ಒಂದು ದೊಡ್ಡ ತಪ್ಪಾಯಿತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ. ಹಾಗಾಗಿ ದೊಡ್ಡಪ್ಪನ ಮಗನಿಗೂ ಚಿಕ್ಕಪ್ಪನ ಮಗನಿಗೂ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಬೇರೆ ಇರುವುದು ತಂದೆಯ ಹೆಸರು ಮಾತ್ರ. ಯಾರೋ ಒಬ್ಬರು ಸುದ್ದಿ ತಂದರು, ಗುಂಪಿನಲ್ಲಿ ಎಲ್ಲರೂ "ಓಂ ಶಾಂತಿ" ಹಾಕಿದರು, ನಾನೂ ಹಾಕಿದೆ. ನಾಲ್ಕು ದಿನಕ್ಕೆ ಗೊತ್ತಾಯಿತು, ಹೋದವರು ಅವನ ದೊಡ್ಡಪ್ಪನ ಮಗ. ನಮ್ಮವನು ಗೋವಾದಲ್ಲಿ ಗೌಂಡಿ ಕೆಲಸ ಮಾಡಿಕೊಂಡಿದ್ದ. ಅವನ ಹೆಂಡತಿಗೆ ಆ ಸಂದೇಶ ಯಾರೋ ತೋರಿಸಿಬಿಟ್ಟಿದ್ದರು. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಅವತ್ತಿನಿಂದ ಮನೆಯವರಲ್ಲಿ ಇಬ್ಬರು ಹೇಳದೆ, ತಂದೆಯ ಹೆಸರು ತಾಳೆ ನೋಡದೆ, ಯಾರ ಪುಟದಲ್ಲೂ ಆ ಮಾತು ಬರೆದಿಲ್ಲ.

ಗಂಡಸರಲ್ಲಿ ಒಬ್ಬನನ್ನು ಒಪ್ಪಿಸಲು ಎಂಟು ತಿಂಗಳು ಬೇಕಾಯಿತು. ಜಮಖಂಡಿ ಕಡೆ ಕಬ್ಬಿನ ಗ್ಯಾಂಗಿನಲ್ಲಿದ್ದ. "ನಾ ನಪಾಸಾದಾಂವ ರೀ, ನನ್ನ ಯಾಕ ಕರೀತೀರಿ?" ಅಂದ. ನಪಾಸಾದವರು ತಾವಾಗಿ ಬರುವುದಿಲ್ಲ, ಬೇರೆಯವರು ಕರೆಯುವುದೂ ಇಲ್ಲ. ಹೀಗಾಗಿಯೇ ಅರ್ಧ ಕ್ಲಾಸು ಕಳೆದುಹೋಗುವುದು. ಅವನ ಪುಟದಲ್ಲಿ ಮೂರು ಜನ ಬೇರೆ ಬೇರೆಯಾಗಿ ಹೇಳಿದ ಒಂದೇ ನೆನಪಿತ್ತು. ಹೊಳೆಗೆ ನೀರು ಬಂದಾಗ ಚಿಕ್ಕ ಹುಡುಗರನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದವನು ಅವನು. ಅದನ್ನು ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವಾಗ ಬರಬೇಕು?" ಅಂದ.

ಪುಟಗಳು ತುಂಬಿದ್ದು ಹೀಗೆ. ನೌಕರಿ, ಮಕ್ಕಳು, ಮನೆ, ಅದನ್ನೆಲ್ಲ ನಾನು ಕೇಳಲಿಲ್ಲ. ಸಿಕ್ಕ ಪ್ರತಿಯೊಬ್ಬರನ್ನೂ ಬೇರೆ ಐದು ಜನರ ಬಗ್ಗೆ ಕೇಳಿದೆ. "ಅವಳ ಬಗ್ಗೆ ಏನು ನೆನಪಿದೆ?" ತೀರಿಕೊಂಡ ಒಂಬತ್ತು ಜನರ ಪುಟಗಳನ್ನು ಆಮೇಲೆ ಚೆನ್ನಾಗಿ ನಕಲು ಮಾಡಿ ಅವರವರ ಮನೆಗೆ ತಲುಪಿಸಿದೆ. ಒಬ್ಬಳ ಮಗಳು ಆ ಹಾಳೆಯನ್ನು ದೇವರ ಜಗಲಿಯಲ್ಲಿ ಇಟ್ಟಿದ್ದಾಳೆ. ಅವ್ವ ಲೆಕ್ಕದಲ್ಲಿ ಚುರುಕಾಗಿದ್ದಳು ಅನ್ನುವುದು ಆ ಹುಡುಗಿಗೆ ಅದನ್ನು ಓದುವವರೆಗೂ ಗೊತ್ತಿರಲಿಲ್ಲ.

ಈಗಿನ ಲೆಕ್ಕ ಹೇಳುತ್ತೇನೆ. 58ರಲ್ಲಿ 44 ಜನ ಸಿಕ್ಕಿದ್ದಾರೆ. ಒಂಬತ್ತು ಜನ ತೀರಿಕೊಂಡಿದ್ದಾರೆ. ಐವರು ಇನ್ನೂ ಸಿಕ್ಕಿಲ್ಲ, ಅದರಲ್ಲಿ ನಾಲ್ವರು ಹೆಣ್ಣುಮಕ್ಕಳು.

ಕೊನೆಗೆ ಸಿಕ್ಕವಳು 51ನೇ ನಂಬರಿನವಳು, ರಿಜಿಸ್ಟರಿನಲ್ಲಿ "ಮದುವೆ" ಅಂತ ಬರೆಸಿಕೊಂಡು ಹೋದವಳು. ಅವಳ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ಜೋಕಾಲಿಯ ಮರದ ಕೆಳಗೆ ಬಿಟ್ಟು ಬಂದ ನನ್ನ ನಂಬರು ಮೂರು ಕೈ ದಾಟಿ ಸೊಲ್ಲಾಪುರಕ್ಕೆ ಹೋಗಿ ಅವಳಿಗೆ ಮುಟ್ಟಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

"ಸಾಲಿ ಪುಸ್ತಕದಾಗ ನನ್ನ ಹೆಸರು ಇನ್ನೂ ಐತೇನವಾ?"

"ಐತಿ. 51ನೇದು."

"ಒಮ್ಮೆ ಓದು."

ಅವಳ ಹೆಸರು, ಅವಳ ಅಪ್ಪನ ಹೆಸರು, ಅಡ್ಡಹೆಸರು, ಮುಳುಗಿದ ಊರಿನ ಹೆಸರು, ಎಲ್ಲ ಓದಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು:

"ನನ್ನ ಮುಂದಿನಾಕಿ ಯಾರು?"

52ನೆಯದು ನನ್ನದೇ. ನನ್ನ ಹಳೆಯ ಹೆಸರನ್ನು ಅವಳಿಗೆ ಓದಿ ಹೇಳಿದೆ.