ಹುಬ್ಬಳ್ಳಿಯಿಂದ ಸ್ಟುಟ್‌ಗಾರ್ಟ್‌ಗೆ: ನಮ್ಮ ಮನೆಯ ಜಮಾ-ಖರ್ಚು

"ತಿಂಗಳಾ ಎಷ್ಟ್ ಉಳಿತೈತ್ರಿ ವೈನಿ?" ಜರ್ಮನಿಗೆ ಹೊರಟ ನಮ್ಮ ಕಡೆಯವರು ನನ್ನನ್ನು ಮೊದಲು ಕೇಳೋದು ಇದನ್ನೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಓಣಿಯಿಂದಲೇ ಈಗ ಎರಡು ಮನೆಯವರು ಹೊರಟಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಿಂಗಳ ಖರ್ಚಿನಲ್ಲಿ ಯಾರೂ ಮುಳುಗುವುದಿಲ್ಲ. ಸಂಬಳ ಬರುತ್ತದೆ, ಬಾಡಿಗೆ ಹೋಗುತ್ತದೆ, ಕಿರಾಣಿ ಆಗುತ್ತದೆ, ಹೇಗೋ ಸರಿದೂಗುತ್ತದೆ. ಕೈ ಕಚ್ಚುವುದು ಇಳಿದ ಹೊಸದರಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಬರುವ ಬಿಲ್ಲುಗಳಲ್ಲಿ. ಈ ಎರಡಕ್ಕೂ ಮೊದಲೇ ದುಡ್ಡು ತೆಗೆದಿಟ್ಟರೆ ಉಳಿದದ್ದು ಸಲೀಸು.

ನಾವು ಹೋಗಿದ್ದು 2023ರಲ್ಲಿ. ನಮ್ಮವರು ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ಎಂಜಿನಿಯರ್. ಮಕ್ಕಳು ಇಬ್ಬರು, ದೊಡ್ಡವಳು ಸಾಲಿಗೆ ಹೋಗುವವಳು, ಸಣ್ಣವನು ಅಂಗನವಾಡಿ ವಯಸ್ಸಿನವನು. ಲೆಕ್ಕ ನನ್ನದು. ನಮ್ಮಪ್ಪ ಗದಗಿನ ಎಪಿಎಂಸಿಯಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ದಿನದ್ದು ಕೀರ್ದಿಗೆ, ತಿಂಗಳ ಕೊನೆಗೆ ಬಾಬತ್ತಿನ ಪ್ರಕಾರ ಖತಾವಣಿಗೆ. ನಾನೂ ಅದನ್ನೇ ಮಾಡಿದೆ. ಫೋನಿನ ಆ್ಯಪ್‌ಗಳನ್ನೂ ನೋಡಿದೆ, ನನಗೆ ಒಗ್ಗಲಿಲ್ಲ. ಎರಡು ರೂಲ್ಡ್ ನೋಟ್‌ಬುಕ್ ಸಾಕಾಯಿತು.

ಮೊದಲು ನಮ್ಮವರೊಬ್ಬರೇ ಹೋದರು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಅಲ್ಲಿ ಮನೆ ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಾಲ ತೀರಿಸಿದ ಇತಿಹಾಸ ತೋರಿಸುವ 'ಶೂಫಾ' ಅನ್ನೋ ಪತ್ರ ಬೇರೆ ಕೇಳುತ್ತಾರೆ. ನಿನ್ನೆ ಇಳಿದವರ ಹತ್ತಿರ ಇವೆರಡೂ ಇರಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಸಾಮಾನು ಸಮೇತ ಬಾಡಿಗೆಗೆ ಸಿಗುವ ತಾತ್ಕಾಲಿಕ ಮನೆಯಲ್ಲಿ ಕೂತರೆ ಕೂಡಿಟ್ಟದ್ದೆಲ್ಲ ಅಲ್ಲೇ ಕರಗುತ್ತದೆ. ಒಬ್ಬರೇ ಇದ್ದಾಗ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಸಾಕು. ಅಷ್ಟರಲ್ಲಿ ನಾವು ಇಲ್ಲಿ ವೀಸಾ ಕೆಲಸ ಮುಗಿಸಿಕೊಂಡೆವು. ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, ಮಕ್ಕಳಿಗೆ ಅದರ ಅರ್ಧ. ಅದೇನು ಭಾರ ಅಲ್ಲ. ತಲೆನೋವು ಕಾಗದಪತ್ರದ್ದು. ಮದುವೆ ಕಲ್ಯಾಣ ಮಂಟಪದಲ್ಲಿ ಜೋರಾಗಿ ಆಗಿರುತ್ತದೆ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರಲ್ಲ. ಹೋಗುವ ಮೊದಲು ಅದನ್ನು ಮಾಡಿಸಿಕೊಳ್ಳಿ. ಮಕ್ಕಳ ಜನನ ಪತ್ರದಲ್ಲೂ ಪಾಸ್‌ಪೋರ್ಟಿನಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ಅಲ್ಲಿ ಹೋದಮೇಲೆ ತೆರಿಗೆ, ಮಕ್ಕಳ ಭತ್ಯೆ ಎಲ್ಲಕ್ಕೂ ಈ ಪತ್ರಗಳೇ ಬೇಕು.

ಮನೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 'ಮೂರು ಕೋಣೆಯ ಮನೆ' ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಬೆಡ್‌ರೂಮು, ಒಂದು ಹಾಲು. ಅಡುಗೆಮನೆ, ಬಚ್ಚಲು ಲೆಕ್ಕಕ್ಕೆ ಬರಲ್ಲ. ಬಾಡಿಗೆಯಲ್ಲೂ ಎರಡು ಥರ. 'ಕಾಲ್ಟ್‌ಮೀಟ' ಅಂದರೆ ಬರೀ ಮನೆಯ ಬಾಡಿಗೆ. ಅದಕ್ಕೆ ನೀರು, ಕಸ, ಮೆಟ್ಟಿಲು ಗುಡಿಸುವುದು, ಹೆಚ್ಚಿನ ಕಡೆ ಹೀಟಿಂಗ್ ಕೂಡ ಸೇರಿಸಿದರೆ 'ವಾರ್ಮ್‌ಮೀಟ'. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಬಹಳ ಸಲ ಮೊದಲನೆಯದು. ನಮ್ಮದು 1,100 ಅಂತ ಬರೆದಿತ್ತು, ಕೊಡುವುದು 1,400. ಕರೆಂಟು, ಇಂಟರ್ನೆಟ್ ಮತ್ತೆ ಬೇರೆ.

ಡಿಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟ ಮೀರಬಾರದು ಅಂತ ಕಾನೂನಿದೆ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮಗೆ 3,300 ಯೂರೋ ಒಮ್ಮೆಗೇ ಕೊಡುವ ಬದಲು ತಿಂಗಳಿಗೆ 1,100ರಂತೆ ಕೊಟ್ಟಿದ್ದು ಬಹಳ ಅನುಕೂಲವಾಯಿತು. ಇನ್ನೊಂದು, ಏಜೆಂಟನನ್ನು ಮಾಲೀಕರೇ ಗೊತ್ತು ಮಾಡಿದ್ದರೆ ಕಮಿಷನ್ ಅವರೇ ಕೊಡಬೇಕು. 2015ರಿಂದ ಹೀಗೆ. ನಿಮ್ಮನ್ನು ಕೇಳಿದರೆ ಕೊಡಬೇಡಿ.

ಇಷ್ಟೆಲ್ಲ ಆಗಿ ಬೀಗದ ಕೈ ಸಿಕ್ಕಿತು. ಒಳಗೆ ಹೋದರೆ ಅಡುಗೆಮನೆಯಲ್ಲಿ ನಲ್ಲಿಯ ಪೈಪು ಮಾತ್ರ. ಒಲೆ ಇಲ್ಲ, ಸಿಂಕ್ ಇಲ್ಲ, ಕಟ್ಟೆ ಇಲ್ಲ. ಹಾಲಿನ ಮಾಳಿಗೆಯಿಂದ ಎರಡು ವೈರು ಜೋತಾಡುತ್ತಿದ್ದವು, ಲೈಟು ನಾವೇ ಹಾಕಿಸಿಕೊಳ್ಳಬೇಕು. ಅಲ್ಲಿ ಬಹಳ ಮನೆ ಹೀಗೇ. ಮೊದಲಿದ್ದವರು ತಮ್ಮ ಅಡುಗೆಮನೆಯನ್ನು ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲ ಅಂದರೆ ಬರುವವರಿಗೆ ಮಾರುತ್ತಾರೆ. ಮನೆ ನೋಡುವಾಗಲೇ ಇದನ್ನು ಕೇಳಬೇಕು. ಇದು ಹೀಗಿರುತ್ತದೆ ಅಂತ ನಮಗೆ ಗೊತ್ತಿತ್ತು. ಊರು ಬಿಡುತ್ತಿದ್ದ ಒಬ್ಬರಿಂದ ಒಲೆ, ಫ್ರಿಜ್ಜು, ಕಪಾಟು ಎಲ್ಲ ಸೇರಿ 900 ಯೂರೋಗೆ ಹಳೆಯದನ್ನೇ ತೆಗೆದುಕೊಂಡೆವು. ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್, ಅಡುಗೆಮನೆ, ಹಾಸಿಗೆ, ಚಳಿ ಬಟ್ಟೆ, ಇದಕ್ಕೆಲ್ಲ ನಾನು 'ಇಳಿದ ಖರ್ಚು' ಅಂತ ಬೇರೆ ಖಾತೆ ಬರೆದೆ. ನಾಲ್ಕು ಜನರ ಕುಟುಂಬಕ್ಕೆ ಎಂಟು ಸಾವಿರ ಯೂರೋ ಇಲ್ಲದೆ ಹೊರಡಬೇಡಿ ಅನ್ನುವುದು ನನ್ನ ಮಾತು. ಸಂಬಳ ಬರುವುದು ತಿಂಗಳ ಕೊನೆಗೆ, ನೆನಪಿರಲಿ. ಇಲ್ಲಿಂದ ದುಡ್ಡು ಕಳಿಸುವುದಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ತನಕ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. 2025ರ ಏಪ್ರಿಲ್‌ಗಿಂತ ಮೊದಲು ಈ ಮಿತಿ 7 ಲಕ್ಷ ಇತ್ತು.

ಇನ್ನು ರೂಪಾಯಿಗೆ ಬದಲಿಸಿ ನೋಡುವ ಚಟ. ಮೊದಮೊದಲು ಎಲ್ಲರೂ ಮಾಡುತ್ತಾರೆ. ಒಂದು ಬ್ರೆಡ್ಡಿಗೆ ಇಷ್ಟಾ ಅಂತ ಎದೆ ಒಡೆಯುತ್ತದೆ. ಅದಕ್ಕಿಂತ ಬೇರೆ ಅಳತೆ ಇಟ್ಟುಕೊಳ್ಳಿ. ಯಾವುದಕ್ಕೆ ಮನುಷ್ಯನ ಕೈ ಹತ್ತುತ್ತದೋ ಅದೆಲ್ಲ ಅಲ್ಲಿ ದುಬಾರಿ, ಯಂತ್ರದಿಂದ ಬಂದದ್ದು ಅಗ್ಗ. ಹಾಲು ಲೀಟರಿಗೆ ಒಂದು ಯೂರೋ ಆಸುಪಾಸು, ಸಂಬಳದ ಎದುರು ಇಟ್ಟು ನೋಡಿದರೆ ಹುಬ್ಬಳ್ಳಿಗಿಂತ ಸೋವಿ. ಗಂಡಸರ ಕ್ಷೌರಕ್ಕೆ ಮಾತ್ರ 25 ಯೂರೋ ಬೀಳುತ್ತದೆ. ಪ್ಯಾಂಟಿನ ಜಿಪ್ ಬದಲಿಸಲು ಕೇಳುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಹೊಸ ಪ್ಯಾಂಟೇ ಬರುತ್ತದೆ. ಹಾಗಾಗಿ ನಾನು ಮೊದಲು ಕೊಂಡಿದ್ದು ಕೂದಲು ಕತ್ತರಿಸುವ ಟ್ರಿಮ್ಮರ್. ಇಲ್ಲಿಂದ ಒಯ್ದದ್ದು ಸೂಜಿ, ದಾರ, ಗುಂಡಿ, ಜಿಪ್ಪು. ಬ್ಲೌಸು ಅಂತೂ ವರ್ಷಕ್ಕಾಗುವಷ್ಟು ಹುಬ್ಬಳ್ಳಿಯಲ್ಲೇ ಹೊಲಿಸಿಕೊಂಡು ಹೋಗುತ್ತೇನೆ.

ಕೈ ಹತ್ತುವ ಖರ್ಚಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಬೀಗದವನದು. ಅಲ್ಲಿ ಮನೆ ಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ತೆರೆಯಲ್ಲ. ಹೊರಗಡೆ ಹಿಡಿಕೆ ತಿರುಗುವುದೇ ಇಲ್ಲ. ಕಸ ಹಾಕಿ ಬರೋಣ ಅಂತ ಚಪ್ಪಲಿ ಮೆಟ್ಟಿಕೊಂಡು ಹೋದವರು ಹೊರಗೇ ಉಳಿಯುತ್ತಾರೆ. ರಾತ್ರಿಯೋ ಭಾನುವಾರವೋ ಆದರೆ ಬೀಗದವನು ನೂರಾರು ಯೂರೋ ಕೇಳುತ್ತಾನೆ. ನಾವು ಒಂದು ಬೀಗದ ಕೈಯನ್ನು ಮೊದಲ ವಾರವೇ ಕೆಳಗಿನ ಮನೆಯ ಅಜ್ಜಿಯ ಹತ್ತಿರ ಕೊಟ್ಟೆವು. ಆ ಅಜ್ಜಿಗೆ ದೀಪಾವಳಿಗೆ ಒಂದು ಡಬ್ಬಿ ಚಕ್ಕುಲಿ.

ಅಡುಗೆ ಖರ್ಚು ನಮ್ಮ ಕೈಯಲ್ಲಿದೆ. ನಾಲ್ಕು ಜನಕ್ಕೆ ತಿಂಗಳಿಗೆ 550 ಯೂರೋದಲ್ಲಿ ಮುಗಿಸುತ್ತೇನೆ. ಎಲ್ಲವನ್ನೂ ಇಂಡಿಯನ್ ಅಂಗಡಿಯಲ್ಲೇ ತಂದರೆ ಆಗಲ್ಲ. ಹಾಲು, ಮೊಸರು, ಗೋದಿ ಹಿಟ್ಟು, ಬಟಾಟೆ, ಉಳ್ಳಾಗಡ್ಡಿ ಆಲ್ಡಿ, ಲಿಡ್ಲ್ ಥರದ ಅಂಗಡಿಯಿಂದ. ಹಸಿಮೆಣಸಿನಕಾಯಿ, ಕೊತ್ತಂಬರಿ, ಬದನೆಕಾಯಿ, ಬೆಂಡೆಕಾಯಿ, ಕಡಲೆ ಟರ್ಕಿಯವರ ಅಂಗಡಿಯಿಂದ. ಅವರ ಕೊತ್ತಂಬರಿ ಕಟ್ಟು ನಮ್ಮ ಜನತಾ ಬಜಾರಿನ ಕಟ್ಟಿನಷ್ಟೇ ದಪ್ಪ ಇರುತ್ತದೆ. ತೊಗರಿಬೇಳೆ, ಜೋಳದ ಹಿಟ್ಟು ಮಾತ್ರ ಇಂಡಿಯನ್ ಅಂಗಡಿಯಲ್ಲಿ.

ಜೋಳದ ಹಿಟ್ಟು ಅಲ್ಲಿ ಗೋದಿ ಹಿಟ್ಟಿನ ಮೂರು-ನಾಲ್ಕು ಪಟ್ಟು. ಬಂದು ಮುಟ್ಟುವಷ್ಟರಲ್ಲಿ ಅದರ ಜಿಗಿಯೂ ಹೋಗಿರುತ್ತದೆ. ಎಸರು ಚೆನ್ನಾಗಿ ಕುದಿಸಿ ಹಾಕಿ ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ. ಒಲೆ ಗಾಜಿನದು, ಉರಿ ಇಲ್ಲ. ಹಂಚಿನ ಮೇಲೇ ಅರಿವೆ ಉಂಡೆ ಮಾಡಿಕೊಂಡು ಸುತ್ತಲೂ ಒತ್ತಬೇಕು, ಆಗ ಉಬ್ಬುತ್ತದೆ. ಕಬ್ಬಿಣದ ಹಂಚನ್ನು ಗಾಜಿನ ಮೇಲೆ ಎಳೆದಾಡಬಾರದು, ಗೀರು ಬಿದ್ದರೆ ಮನೆ ಬಿಡುವಾಗ ಅದಕ್ಕೂ ದುಡ್ಡು. ವಾರಕ್ಕೆ ಎರಡು ದಿನ ರೊಟ್ಟಿ, ಉಳಿದ ದಿನ ಚಪಾತಿ ಅಂತ ಇಟ್ಟುಕೊಂಡೆವು. ಅತ್ತೆಯವರು ಬಂದಾಗ ಮಾತ್ರ ಈ ನಿಯಮ ಇಲ್ಲ.

ಬಾಟಲಿ ಎಸೆಯಬೇಡಿ. ಪ್ಲಾಸ್ಟಿಕ್ ನೀರಿನ ಬಾಟಲಿ, ಡಬ್ಬಿಗಳ ಮೇಲೆ 25 ಸೆಂಟ್ ಮೊದಲೇ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು ಬರುತ್ತದೆ. ನಮ್ಮ ಮಗಳಿಗೆ ಅದೇ ಕೈಖರ್ಚು. ಭಾನುವಾರ ಅಂಗಡಿಗಳು ಬಂದ್, ಶನಿವಾರವೇ ಎಲ್ಲ ತಂದಿಡಬೇಕು.

ಈಗ ವರ್ಷದ ಬಿಲ್ಲುಗಳು. ಹುಬ್ಬಳ್ಳಿಯಲ್ಲಿ ಹೆಸ್ಕಾಂನವರು ತಿಂಗಳಿಗೊಮ್ಮೆ ಬಂದು ಮೀಟರ್ ನೋಡಿ ಬಿಲ್ ಕೊಟ್ಟು ಹೋಗುತ್ತಾರೆ. ಅಲ್ಲಿ ತಿಂಗಳಿಗೆ ಇಷ್ಟು ಅಂತ ಅಂದಾಜಿನಲ್ಲಿ ಕಟ್ಟುತ್ತಾ ಹೋಗುತ್ತೀರಿ, ಪೂರ್ತಿ ಲೆಕ್ಕ ಆಗುವುದು ವರ್ಷಕ್ಕೊಮ್ಮೆ. ಜಾಸ್ತಿ ಉರಿಸಿದ್ದರೆ ಒಂದೇ ಸಲ ಕಟ್ಟಬೇಕು. ಮನೆಗೆ ಹೋದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಕರೆಂಟ್ ಕಂಪನಿಯನ್ನು ನೀವು ಆರಿಸದಿದ್ದರೆ ಆ ಊರಿನ ಮೂಲ ಪೂರೈಕೆದಾರರಿಂದ ತಾನಾಗಿ ಬರುತ್ತದೆ, ದರ ಸಾಮಾನ್ಯವಾಗಿ ಜಾಸ್ತಿ. ಎರಡು ವಾರದ ನೋಟಿಸ್ ಕೊಟ್ಟು ಬೇರೆಯವರಿಗೆ ಬದಲಾಯಿಸಬಹುದು. ನಾವು ಬದಲಾಯಿಸಿದೆವು.

ಹೀಟಿಂಗ್, ನೀರಿನ ಲೆಕ್ಕವೂ ಹಾಗೇ. ಮಾಲೀಕರಿಗೆ ಅದನ್ನು ಕೊಡಲು ಲೆಕ್ಕದ ವರ್ಷ ಮುಗಿದ ಮೇಲೂ 12 ತಿಂಗಳ ಕಾಲಾವಕಾಶ ಇದೆ. ಅಂದರೆ ಈ ಚಳಿಗಾಲದ ಬಿಸಿಗೆ ಮುಂದಿನ ವರ್ಷದ ಕೊನೆಗೆ ಬಿಲ್ ಬರಬಹುದು. ಬಹಳ ಮನೆಗಳ ಬಜೆಟ್ ಇಲ್ಲೇ ಅಡ್ಡ ಮಲಗುತ್ತದೆ. ನನ್ನ ಖತಾವಣಿಯಲ್ಲಿ ಇದಕ್ಕೆ 'ಬಿಸಿ ಬಾಬತ್ತು' ಅಂತ ಒಂದು ಪುಟ. ತಿಂಗಳಿಗೆ 40 ಯೂರೋ ಬೇರೆ ಖಾತೆಗೆ ಹಾಕಿದೆ. ಮೊದಲ ಪೂರ್ತಿ ವರ್ಷದ ಲೆಕ್ಕ ಬಂದಾಗ ನಾನೂರರ ಮೇಲೆ ಕಟ್ಟಬೇಕಾಯಿತು, ಖಾತೆಯಲ್ಲಿ ಅಷ್ಟು ಇತ್ತು. ಬಿಲ್ ತಪ್ಪು ಅನ್ನಿಸಿದರೆ ಕೈಗೆ ಬಂದ 12 ತಿಂಗಳೊಳಗೆ ಆಕ್ಷೇಪ ಹಾಕಬಹುದು. ಚಳಿ ಅಂತ ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡಬೇಡಿ, ಎಸರಿನ ಹಬೆಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ದಿನಕ್ಕೆರಡು ಸಲ ಹೀಟರ್ ಆರಿಸಿ ಐದು ನಿಮಿಷ ಕಿಟಕಿ ಪೂರ್ತಿ ತೆಗೆದಿಟ್ಟರೆ ಸಾಕು.

ಟೀವಿ-ರೇಡಿಯೋ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ. ಟೀವಿ ಇಲ್ಲ ಅಂದರೂ ಕೊಡಬೇಕು. ಮೂರು ತಿಂಗಳಿಗೊಮ್ಮೆ 55.08 ಅಂತ ಬರುತ್ತದೆ. ಪತ್ರ ಗಂಡನಿಗೂ ಬರುತ್ತದೆ, ಹೆಂಡತಿಗೂ ಬರುತ್ತದೆ. ಕೊಡಬೇಕಾದ್ದು ಮನೆಗೊಂದೇ. ಎರಡನೇ ಪತ್ರಕ್ಕೆ ಗಂಡನ ಹೆಸರಲ್ಲಿ ಕಟ್ಟುತ್ತಿದ್ದೇವೆ ಅಂತ ಉತ್ತರ ಬರೆಯಿರಿ, ಸುಮ್ನೆ ಬಿಡಬೇಡಿ.

ಬರುವ ಕಡೆಯೂ ನೋಡಬೇಕಲ್ವಾ? ಗಂಡ ಒಬ್ಬರೇ ದುಡಿಯುತ್ತಿದ್ದರೆ ತೆರಿಗೆ ಕಚೇರಿಗೆ ಅರ್ಜಿ ಹಾಕಿ ಅವರನ್ನು ಮೂರನೇ ತೆರಿಗೆ ವರ್ಗಕ್ಕೆ ಹಾಕಿಸಿಕೊಳ್ಳಿ, ಕೈಗೆ ಬರುವುದು ಜಾಸ್ತಿಯಾಗುತ್ತದೆ. ತಾನಾಗಿ ಸಿಗುವುದು ನಾಲ್ಕನೇ ವರ್ಗ. ಮಕ್ಕಳ ಭತ್ಯೆ 'ಕಿಂಡರ್‌ಗೆಲ್ಡ್' ನಾವು ಹೋದಾಗ ಮಗುವಿಗೆ ತಿಂಗಳಿಗೆ 250 ಯೂರೋ ಇತ್ತು, 2025ರಲ್ಲಿ 255 ಆಯಿತು. ಅರ್ಜಿ ತಡ ಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ. ಸರಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಹೆಂಡತಿ, ಮಕ್ಕಳಿಗೆ ಬೇರೆ ಕಂತಿಲ್ಲ. ಮಕ್ಕಳಿಗೆ ಬರೆದುಕೊಟ್ಟ ಔಷಧಿಗೆ ಕೈಯಿಂದ ಹಾಕುವುದು ಇಲ್ಲವೆನ್ನುವಷ್ಟು ಕಡಿಮೆ. ಸರಕಾರಿ ಸಾಲಿಗೆ ಫೀ ಇಲ್ಲ. ಹುಬ್ಬಳ್ಳಿಯಲ್ಲಿ ಕಟ್ಟುತ್ತಿದ್ದ ಫೀ ನೆನೆಸಿಕೊಂಡರೆ ಇದು ದೊಡ್ಡ ಉಳಿತಾಯ. ಸಣ್ಣ ಮಕ್ಕಳ ಕಿಂಡರ್‌ಗಾರ್ಟನ್‌ಗೆ ಮಾತ್ರ ಸ್ಟುಟ್‌ಗಾರ್ಟ್‌ನಲ್ಲಿ ಫೀ ಇದೆ.

ಬಸ್ಸು, ಲೋಕಲ್ ರೈಲಿಗೆ ದೇಶಪೂರ್ತಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು ಸಾಕು. ಅದು 49 ಯೂರೋದಿಂದ ಶುರುವಾಗಿ 2025ಕ್ಕೆ 58 ಆಯಿತು. ನಾವು ಕಾರು ತೆಗೆದುಕೊಳ್ಳಲಿಲ್ಲ.

ಕೊನೆಗೆ ಊರಿನ ಬಾಬತ್ತು. ನಮ್ಮ ಇಡೀ ವರ್ಷದ ಪಟ್ಟಿಯಲ್ಲಿ ಬಾಡಿಗೆ, ಅಡುಗೆ ಖರ್ಚು ಬಿಟ್ಟರೆ ಎಲ್ಲಕ್ಕಿಂತ ದೊಡ್ಡದು ವಿಮಾನದ ಟಿಕೆಟ್. ಎರಡು ವರ್ಷ ತುಂಬಿದ ಮಗುವಿಗೆ ಬೇರೆ ಸೀಟು, ದರವೂ ದೊಡ್ಡವರ ಹತ್ತಿರಕ್ಕೆ. ಸಾಲಿ ರಜೆ ಸ್ಟುಟ್‌ಗಾರ್ಟ್ ಕಡೆ ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ. ಅದಕ್ಕೂ ಮೊದಲು ಅಗ್ಗದ ಟಿಕೆಟ್ ಸಿಗುತ್ತದೆ ಅಂತ ಸಾಲಿ ತಪ್ಪಿಸಿದರೆ ದಂಡ ಬೀಳಬಹುದು. ಹೀಗಾಗಿ ಮಕ್ಕಳಿಗೆ ಹುಬ್ಬಳ್ಳಿಯ ಗಣಪತಿ ಸಿಗುತ್ತಾನೆ, ಧಾರವಾಡದ ಆಪೂಸು ಸಿಗಲ್ಲ. ನಾನು ಟಿಕೆಟ್ಟಿನ ದುಡ್ಡನ್ನು 12ರಿಂದ ಭಾಗಿಸಿ ಪ್ರತಿ ತಿಂಗಳು ಎತ್ತಿಡುತ್ತೇನೆ. ಅದರ ಜೊತೆಗೇ ಆಹೇರಿ, ಉಡಿ ತುಂಬುವುದು, ಮಾವನವರ ಔಷಧಿ, ಚಾಕಲೇಟು ಎಲ್ಲ ಸೇರುತ್ತದೆ. "ಫಾರಿನ್‌ನಿಂದ ಬಂದಾರ" ಅಂದಮೇಲೆ ಆಹೇರಿ ಸೀರೆಯ ದರ ತಾನಾಗಿ ಏರುತ್ತದೆ, ಏನು ಮಾಡೋದು. ಯೂರೋ 2023ರಲ್ಲಿ 90 ರೂಪಾಯಿ ಆಸುಪಾಸು ಇತ್ತು, 2025ರಲ್ಲಿ ನೂರು ದಾಟಿತು. ಹಾಗಾಗಿ ಈ ಬಾಬತ್ತು ಯೂರೋದಲ್ಲಿ ಸ್ವಲ್ಪ ಹಗುರವಾಗಿದೆ.

ಹೊರಡುವವರಿಗೆ ಎರಡು-ಮೂರು ಸಣ್ಣ ಮಾತು. ಬ್ಯಾಡಗಿ ಮೆಣಸಿನಕಾಯಿ ಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಧಾರವಾಡ ಪೇಡಾ ಬೇಡ. ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದ ಒಳಗೆ ಒಯ್ಯುವಂತಿಲ್ಲ, ಹಿಡಿದರೆ ಅಲ್ಲೇ ಬಿಡಬೇಕು. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಆದ್ದರಿಂದ ಅದೂ ಬೇಡ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಿಕೊಳ್ಳಿ. ಇಲ್ಲಿನ ಸಿಮ್ ಸತ್ತರೆ ಬ್ಯಾಂಕಿನ ಒಟಿಪಿ ಬರಲ್ಲ. ನಾವು ಅದನ್ನು ಹಳೆಯ ಫೋನೊಂದರಲ್ಲಿ ಹಾಕಿ, ರೋಮಿಂಗ್ ಆನ್ ಮಾಡಿಸಿ, ಕಡಿಮೆ ದರದ ರೀಚಾರ್ಜ್ ಮಾಡಿಸುತ್ತಾ ಇದ್ದೇವೆ. ಅದೂ ಖತಾವಣಿಯಲ್ಲಿ ಊರಿನ ಬಾಬತ್ತಿಗೇ ಬರೆದಿದ್ದೇನೆ.