ಮಳೆಗಾಲದಲ್ಲೂ ಮಕ್ಕಳ ಸಂಗೀತ ಕಾರ್ಯಕ್ರಮ: ಆನ್‌ಲೈನ್‌ನಲ್ಲಿ ಹೀಗೆ ನಡೆಸಿ

ಕೊಡಗಿನಲ್ಲಿ ಪಿಯಾನೊ, ಹಾಡುಗಾರಿಕೆ ಕಲಿಯುವ ಮಕ್ಕಳು ದೂರ ದೂರ ಇರುತ್ತಾರೆ. ಒಬ್ಬರು ಮಡಿಕೇರಿಯಲ್ಲಿ, ಇನ್ನೊಬ್ಬರು ಗೋಣಿಕೊಪ್ಪದಲ್ಲಿ, ಮತ್ತೊಬ್ಬರು ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ. ಜಡಿಮಳೆಯ ಸಂಜೆ ಇವರನ್ನೆಲ್ಲ ಒಂದು ಹಾಲ್‌ಗೆ ಸೇರಿಸುವುದು ಕಷ್ಟ. ಹಾಗಂತ ಕಲಿತದ್ದನ್ನು ನಾಲ್ಕು ಜನರ ಮುಂದೆ ನುಡಿಸದಿದ್ದರೆ ಮಗುವಿಗೆ ಧೈರ್ಯ ಬರುವುದಾದರೂ ಹೇಗೆ?

ಆನ್‌ಲೈನ್ ಕಾರ್ಯಕ್ರಮ ಮಾಡೋಣ. ಆದರೆ ಚಿಕ್ಕ ಮಕ್ಕಳನ್ನು ನೇರಪ್ರಸಾರಕ್ಕೆ ಕೂರಿಸಬೇಡಿ. ಪಲ್ಲವಿ ಮುಗಿಯುವ ಮೊದಲೇ ಕರೆಂಟ್ ಹೋದರೆ ಅವರ ಉತ್ಸಾಹವೂ ಹೋಗುತ್ತದೆ. ಮನೆಯಲ್ಲೇ ರೆಕಾರ್ಡ್ ಮಾಡಿ, ನಿಗದಿತ ದಿನ ಎಲ್ಲರೂ ಒಟ್ಟಿಗೆ ನೋಡುವುದು ನಮ್ಮ ಜಿಲ್ಲೆಗೆ ಹೊಂದುವ ದಾರಿ.

ರೆಕಾರ್ಡಿಂಗ್‌ಗೆ ಮಳೆ ಬಿಟ್ಟ ಹೊತ್ತನ್ನು ಹಿಡಿಯಿರಿ. ಶೀಟ್ ಹೊದಿಸಿದ ಮನೆಯಲ್ಲಂತೂ ಸಣ್ಣ ಮಳೆಯೂ ಹಾಡನ್ನು ಮುಳುಗಿಸುತ್ತದೆ. ಫ್ಯಾನ್, ಟಿ.ವಿ. ಆರಿಸಿ. ನಡುವೆ ಕರೆ ಬರದಂತೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅಡ್ಡ ಇಡಿ.

ಫೋನನ್ನು ಪಿಯಾನೊ ಮೇಲೆಯೇ ಇಟ್ಟರೆ ಅದರ ಕಂಪನವೂ ರೆಕಾರ್ಡ್ ಆಗುತ್ತದೆ. ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ, ಮುಖ ಮತ್ತು ಎರಡೂ ಕೈ ಕಾಣುವಂತೆ ಇಡಿ. ಹಾಡುವ ಮಗು ಫೋನಿನಿಂದ ಸುಮಾರು ಒಂದೂವರೆ ಮೀಟರ್ ದೂರ ನಿಲ್ಲಲಿ. ತೀರಾ ಹತ್ತಿರ ನಿಂತರೆ ಮೇಲಿನ ಸ್ವರಗಳು ಒಡೆದು ಕೇಳಿಸುತ್ತವೆ. ಶ್ರುತಿ ಅಥವಾ ಹಿನ್ನೆಲೆ ಸಂಗೀತದ ಟ್ರ್ಯಾಕನ್ನು ಬೇರೆ ಫೋನಿನಲ್ಲಿ ಹಾಕಿ, ದನಿಗಿಂತ ಮೆಲ್ಲಗಿರಲಿ.

ಎರಡು ಮೂರು ಸಲ ರೆಕಾರ್ಡ್ ಮಾಡಿದರೆ ಸಾಕು. ಯಾವುದನ್ನು ಕಳಿಸಬೇಕೆಂದು ಮಗುವೇ ಆರಿಸಲಿ. ಕತ್ತರಿಸಿ ಜೋಡಿಸುವುದು ಖಂಡಿತ ಬೇಡ. ಒಂದು ಸ್ವರ ತಪ್ಪಿದರೂ ನಿಲ್ಲದೆ ಮುಂದೆ ಹೋಗುವುದನ್ನು ಕಲಿಯಲಿಕ್ಕೇ ಈ ಕಾರ್ಯಕ್ರಮ, ಅಲ್ವಾ?

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಗುಣಮಟ್ಟ ಕುಗ್ಗುವುದಿಲ್ಲ. ನೆಟ್‌ವರ್ಕ್ ಸಿಗದ ಮನೆಗಳಿರುವುದರಿಂದ ಒಂದು ವಾರ ಮೊದಲೇ ಗಡುವು ಇಡಿ.

ಎಲ್ಲರೂ ಒಟ್ಟಿಗೆ ನೋಡಲು ವಿಡಿಯೊ ಸಭೆಯ ಆ್ಯಪ್ ಝೂಮ್ ಬಳಸಬಹುದು. ಅದರ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ತಲಾ ಎರಡು ಮೂರು ನಿಮಿಷದಂತೆ ಹತ್ತು ಮಕ್ಕಳಿಗೆ ಅಷ್ಟು ಸಾಕು. ಸ್ಕ್ರೀನ್ ಹಂಚುವಾಗ ‘ಶೇರ್ ಸೌಂಡ್’ ಒತ್ತಲು ಮರೆಯಬೇಡಿ. ಇಲ್ಲದಿದ್ದರೆ ಬೆರಳಾಡುವುದು ಕಾಣುತ್ತದೆ, ಸಂಗೀತ ಕೇಳಿಸುವುದಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ವೈಫೈ ಕೈಕೊಟ್ಟರೆ ಮೊಬೈಲ್ ಡೇಟಾ ಸಿದ್ಧವಿರಲಿ. ಪ್ರತಿ ಮಗುವಿನ ಸರದಿ ಮುಗಿದ ಮೇಲೆ ಎಲ್ಲರ ಮ್ಯೂಟ್ ತೆಗೆಸಿ, ಚಪ್ಪಾಳೆ ಹೊಡೆಸಿ. ದೂರದೂರಿನ ಅಜ್ಜ ಅಜ್ಜಿ ಒಂದು ಮಾತು ಹೇಳಲಿ. ಇದಕ್ಕೆ ಸಮಯ ಉಳಿಸಲೇಬೇಕು.

ಒಳ್ಳೆಯ ನೆಟ್‌ವರ್ಕ್ ಇರುವ ದೊಡ್ಡ ಮಕ್ಕಳು ನೇರವಾಗಿ ಹಾಡಬಹುದು. ಆಗ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡಿಸಿ. ಝೂಮ್ ಮಾತಿಗೆಂದು ಮಾಡಿದ ಆ್ಯಪ್. ಒಂದೇ ಸಮನೆ ಕೇಳುವ ತಂಬೂರಿಯ ಶ್ರುತಿಯನ್ನು, ಪಿಯಾನೊದ ಎಳೆದ ಸ್ವರವನ್ನು ಅದು ಗದ್ದಲ ಎಂದುಕೊಂಡು ಅಳಿಸಿಬಿಡುತ್ತದೆ. ಬೇರೆ ಬೇರೆ ಮನೆಗಳಿಂದ ಒಟ್ಟಿಗೆ ಹಾಡಿಸಲು ಹೋಗಬೇಡಿ. ಶಬ್ದ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ.

ಆಮೇಲೆ ಯೂಟ್ಯೂಬ್‌ಗೆ ಹಾಕುವುದಾದರೆ ಮೊದಲು ಪ್ರತಿ ಮನೆಯವರ ಒಪ್ಪಿಗೆ ಪಡೆಯಿರಿ. ವಿಡಿಯೊ ‘ಅನ್‌ಲಿಸ್ಟೆಡ್’ ಇರಲಿ, ಲಿಂಕ್ ಸಿಕ್ಕವರು ಮಾತ್ರ ನೋಡುತ್ತಾರೆ. ಮಗುವಿನ ಶಾಲೆ, ಮನೆಯ ವಿವರ ಹಾಕಬೇಡಿ. 1750ರಲ್ಲಿ ತೀರಿಕೊಂಡ ಜರ್ಮನ್ ಸಂಗೀತಗಾರ ಬಾಖ್‌ನ ರಚನೆ ನುಡಿಸಲು ಹಕ್ಕುಸ್ವಾಮ್ಯದ ತೊಡಕಿಲ್ಲ. ಸಿನಿಮಾ ಹಾಡಿನ ಟ್ರ್ಯಾಕ್ ಬಳಸಿದ್ದರೆ ಅದರ ಮಾಲೀಕರು ಆಕ್ಷೇಪಿಸಬಹುದು. ಅಂಥ ವಿಡಿಯೊವನ್ನು ಆಯಾ ಮನೆಯವರಿಗಷ್ಟೇ ಕಳಿಸಿ.